ನೋಯದೆ ಸವೆಯುವ ಅಂಗ: ಕಿಡ್ನಿ ಕಾಯಿಲೆಯ ಬಗ್ಗೆ ಕೆಲವು ಮಾತು

(ಶಾಲೆಯ ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ ವೈದ್ಯರೊಬ್ಬರು ಮಾಡಿದ ಭಾಷಣ)



ಮಹೋತ್ಸವ ಸಮಿತಿಯವರು ನನಗೆ ಹೃದಯಾಘಾತದ ಬಗ್ಗೆ ಮಾತಾಡಿ ಎಂದಿದ್ದರು. ಹೃದಯದ ವಿಷಯದಲ್ಲಿ ನಮ್ಮ ಜನ ಈಗ ಹುಷಾರಾಗಿದ್ದಾರೆ. ಎದೆ ಹಿಡಿದುಕೊಂಡರೆ ಯಾರೂ ಬೆಳಗಾಗಲಿ ಎಂದು ಕಾಯುವುದಿಲ್ಲ, ಸಿಕ್ಕ ಗಾಡಿ ಹತ್ತಿಸಿಕೊಂಡು ಬರುತ್ತಾರೆ. ಮೂತ್ರಪಿಂಡದ ಕಥೆ ಹಾಗಲ್ಲ. ಅದು ಕೆಡುವಾಗ ಕೂಗಿ ಕರೆಯುವುದಿಲ್ಲ. ಅದಕ್ಕೇ ಅದರ ಬಗ್ಗೆ ಮಾತಾಡುತ್ತೇನೆ ಎಂದು ಕೇಳಿಕೊಂಡೆ, ಸಮಿತಿಯವರು ಒಪ್ಪಿದರು. ಮೂತ್ರಪಿಂಡ ಎನ್ನುವುದು ಪಾಠದ ಪುಸ್ತಕದ ಮಾತು. ನೀವೆಲ್ಲ ಕಿಡ್ನಿ ಎನ್ನುತ್ತೀರಿ, ನಾನೂ ಹಾಗೇ ಹೇಳುತ್ತೇನೆ.

"ಡಾಕ್ಟ್ರೆ, ನನಗೆ ಕಿಡ್ನಿ ನೋವು" ಎಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ಬರುವವರು ಬಹಳ. ಅವರಲ್ಲಿ ಬಹುಪಾಲು ಮಂದಿಗೆ ಇರುವುದು ಬೆನ್ನೆಲುಬಿನ ನೋವು, ಇಲ್ಲವೆ ದುಡಿದು ದಣಿದ ಸ್ನಾಯುಗಳ ನೋವು. ಕಿಡ್ನಿಯಲ್ಲಿ ಕಲ್ಲಿದ್ದು ಅದು ಕೆಳಗೆ ಜಾರಿದರೆ ನೋವು ಬರುತ್ತದೆ, ಹೊರಳಾಡಿಸುವಂಥ ನೋವು. ಆದರೆ ನಾನು ಹೇಳಹೊರಟಿರುವುದು ವರ್ಷಗಟ್ಟಲೆ ಸದ್ದಿಲ್ಲದೆ ಕಿಡ್ನಿ ಸವೆಯುವ ಕಾಯಿಲೆ. ಇದರಲ್ಲಿ ನೋವೇ ಇರುವುದಿಲ್ಲ. ಕಾಲು ಊದುವುದು, ಬೆಳಗ್ಗೆ ಎದ್ದಾಗ ಮುಖ ಊದಿಕೊಂಡಿರುವುದು, ಊಟ ಸೇರದಿರುವುದು, ವಾಕರಿಕೆ, ಮೈ ತುರಿಕೆ, ನಾಲ್ಕು ಹೆಜ್ಜೆಗೆ ದಮ್ಮು, ಇವೆಲ್ಲ ಬಹುಮಟ್ಟಿಗೆ ಕೊನೆಕೊನೆಗೆ ಬರುವಂಥವು. ಅಷ್ಟರಲ್ಲಿ ಕಿಡ್ನಿಯ ಕೆಲಸ ಮುಕ್ಕಾಲು ಪಾಲು ನಿಂತಿರುತ್ತದೆ.

ಇದು ನನ್ನೊಬ್ಬನ ಅನಿಸಿಕೆ ಅಲ್ಲ. ನಮ್ಮ ದೇಶದ ಕಿಡ್ನಿ ತಜ್ಞರು ಸೇರಿ ರೋಗಿಗಳ ನೋಂದಣಿ ಮಾಡಿ 2012ರಲ್ಲಿ ಒಂದು ವರದಿ ಪ್ರಕಟಿಸಿದರು. ಅದರಲ್ಲಿ 52,273 ರೋಗಿಗಳ ಲೆಕ್ಕವಿದೆ. ಅವರಲ್ಲಿ ನೂರಕ್ಕೆ 48 ಮಂದಿ ತಜ್ಞರ ಮುಂದೆ ಬಂದಾಗಲೇ ಕೊನೆಯ ಹಂತದಲ್ಲಿದ್ದರು. ಅರ್ಧ ಜನ ನೇರವಾಗಿ ಡಯಾಲಿಸಿಸ್ ಬಾಗಿಲಿಗೇ ಬಂದು ನಿಂತ ಹಾಗೆ.

ಕಿಡ್ನಿ ಏನು ಮಾಡುತ್ತದೆ? ಮಕ್ಕಳಿಗೆ ಗೊತ್ತು, ರಕ್ತ ಸೋಸುತ್ತದೆ. ಎಷ್ಟು ಎನ್ನುವುದು ಮಾತ್ರ ಯಾರ ಅಂದಾಜಿಗೂ ಬರುವುದಿಲ್ಲ. ಮುಷ್ಟಿಯಷ್ಟು ಗಾತ್ರದ, ಒಂದೊಂದು ಸುಮಾರು 150 ಗ್ರಾಂ ತೂಕದ ಈ ಎರಡು ಅಂಗಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಹದಿನೈದು ಲೀಟರಿನ ಕೊಡದ ಲೆಕ್ಕದಲ್ಲಿ ಹನ್ನೆರಡು ಕೊಡ. ಅದರಲ್ಲಿ ಬೇಕಾದ ನೀರು, ಉಪ್ಪು, ಸಕ್ಕರೆ ಎಲ್ಲವನ್ನೂ ವಾಪಸು ಎಳೆದುಕೊಂಡು ಬೇಡವಾದದ್ದನ್ನು ಮಾತ್ರ ಒಂದೂವರೆ ಲೀಟರಿನಷ್ಟು ಮೂತ್ರ ಮಾಡಿ ಹೊರಗೆ ಹಾಕುತ್ತವೆ. ಮನೆ ಸ್ವಚ್ಛ ಮಾಡುವಾಗ ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನಷ್ಟೇ ಒಳಗೆ ತರುತ್ತಾರಲ್ಲ, ಹಾಗೆ. ಇದರ ಜೊತೆಗೆ ಬಿಪಿ ಹಿಡಿತದಲ್ಲಿಡುವುದು, ರಕ್ತ ತಯಾರಾಗಲು ಸೂಚನೆ ಕೊಡುವುದು, ಮೂಳೆ ಗಟ್ಟಿ ಇಡುವುದು ಕೂಡ ಅದರ ಕೆಲಸವೇ. ಕಿಡ್ನಿ ಹೋದವರು ರಕ್ತಹೀನತೆಯಿಂದ ಬಿಳಿಚಿಕೊಳ್ಳುವುದು ಇದೇ ಕಾರಣಕ್ಕೆ.

ಹಾಗಿದ್ದರೆ ಅರ್ಧ ಕೆಟ್ಟರೂ ಯಾಕೆ ಗೊತ್ತಾಗುವುದಿಲ್ಲ? ಬೋರ್‌ವೆಲ್ ನೆನಪು ಮಾಡಿಕೊಳ್ಳಿ. ಊರಿಗೆ ಹತ್ತು ಬೋರ್ ಇವೆ ಎನ್ನೋಣ. ಎರಡು ಬತ್ತಿದವು. ವಾಟರ್‌ಮನ್ ಉಳಿದ ಎಂಟನ್ನು ಒಂದು ತಾಸು ಹೆಚ್ಚು ಓಡಿಸುತ್ತಾನೆ. ಇನ್ನೂ ಎರಡು ಬತ್ತಿದರೆ ಉಳಿದ ಆರನ್ನು ಹಗಲು ರಾತ್ರಿ ಓಡಿಸುತ್ತಾನೆ. ನಲ್ಲಿಯಲ್ಲಿ ನೀರು ಬರುತ್ತಲೇ ಇರುತ್ತದೆ, ಊರಿನವರಿಗೆ ಸುದ್ದಿಯೇ ಇಲ್ಲ. ಹೆಚ್ಚು ಓಡಿದ ಮೋಟರುಗಳು ಒಂದೊಂದಾಗಿ ಸುಟ್ಟು, ಕೊನೆಗೆ ಎರಡು ಉಳಿದಾಗ ನಲ್ಲಿ ನಿಲ್ಲುತ್ತದೆ. ಆವತ್ತು ಎಲ್ಲರೂ ಕೊಡ ಹಿಡಿದುಕೊಂಡು ಪಂಚಾಯಿತಿ ಮುಂದೆ! ಒಂದೊಂದು ಕಿಡ್ನಿಯಲ್ಲಿ ಇಂಥ ಸೋಸುವ ಘಟಕಗಳು ಸುಮಾರು ಹತ್ತು ಲಕ್ಷ ಇವೆ. ಅವು ಬತ್ತುವುದೂ ಹೀಗೇ, ಉಳಿದವು ಹೆಚ್ಚು ದುಡಿದು ಬೇಗ ಸುಡುವುದೂ ಹೀಗೇ. ಒಮ್ಮೆ ಬತ್ತಿದ ಘಟಕಕ್ಕೆ ಮರುಪೂರಣ ಇಲ್ಲ.

ನಲ್ಲಿ ನಿಲ್ಲುವ ಮುಂಚೆ ತಿಳಿಯಬೇಕಾದರೆ ಎರಡು ಪರೀಕ್ಷೆ ಸಾಕು. ಒಂದು, ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯೇ ಎಂಬುದು. ಜರಡಿ ಹರಿದಾಗ ಮೊದಲು ಸೋರುವುದು ಅದೇ. ಎರಡನೆಯದು ರಕ್ತದಲ್ಲಿ ಕ್ರಿಯಾಟಿನಿನ್. ಇಲ್ಲಿ ಒಂದು ಮಾತು ಗಮನವಿಟ್ಟು ಕೇಳಿ. ಕ್ರಿಯಾಟಿನಿನ್ 1.4 ಎಂದು ಬಂದರೆ ಬಹಳ ಜನ "ಸ್ವಲ್ಪ ಹೆಚ್ಚಿದೆ ಅಷ್ಟೆ" ಎಂದು ಚೀಟಿ ಮಡಚಿ ಜೇಬಿಗೆ ಇಡುತ್ತಾರೆ. ಅದೇ 1.4 ಇಪ್ಪತ್ತೈದರ ಹುಡುಗನಿಗೆ ಬಂದರೆ ಅವನ ಕಿಡ್ನಿಯ ಸೋಸುವ ಶಕ್ತಿ ಸುಮಾರು 71 ಇದೆ ಎಂದು ಲೆಕ್ಕ ಬರುತ್ತದೆ. ಅರವತ್ತರ ಅಜ್ಜಿಗೆ ಬಂದರೆ ಸುಮಾರು 43. ವಯಸ್ಸು, ಗಂಡೋ ಹೆಣ್ಣೋ ಎಂಬುದರ ಮೇಲೆ ಅದೇ ಅಂಕಿಯ ಅರ್ಥ ಬೇರೆಯಾಗುತ್ತದೆ. ಆದ್ದರಿಂದ ಬರೀ ಕ್ರಿಯಾಟಿನಿನ್ ನೋಡಬೇಡಿ, ಇ-ಜಿಎಫ್‌ಆರ್ ಎಷ್ಟು ಎಂದು ವೈದ್ಯರನ್ನು ಕೇಳಿ. ಅದನ್ನು ಮಾರ್ಕ್ಸ್ ಕಾರ್ಡ್ ಎಂದು ತಿಳಿಯಿರಿ. 90ರ ಮೇಲಿದ್ದು ಮೂತ್ರವೂ ಸರಿಯಿದ್ದರೆ ಚಿಂತೆ ಇಲ್ಲ. 60ಕ್ಕಿಂತ ಕೆಳಗೆ ಮೂರು ತಿಂಗಳು ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. 30ಕ್ಕಿಂತ ಇಳಿದರೆ ತಜ್ಞರನ್ನು ಕಾಣಲೇಬೇಕು. 15ಕ್ಕಿಂತ ಕೆಳಗೆ ಇಳಿದರೆ ಡಯಾಲಿಸಿಸ್ ಅಥವಾ ಕಿಡ್ನಿ ಕಸಿಯ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದರೆ ಮತ್ತೆ ಪರೀಕ್ಷೆ ಬರೆಯಬಹುದು, ಇದರಲ್ಲಿ ಹಾಗಿಲ್ಲ.

ಕಾರಣಕ್ಕೆ ಬರೋಣ. ನಾನು ಹೇಳಿದ ಅದೇ ವರದಿಯಲ್ಲಿ ನೂರಕ್ಕೆ 31 ಮಂದಿಗೆ ಕಾರಣ ಸಕ್ಕರೆ ಕಾಯಿಲೆ, 13 ಮಂದಿಗೆ ಬಿಪಿ, 14 ಮಂದಿಗೆ ಕಿಡ್ನಿಯ ಜರಡಿಗೇ ಬರುವ ಉರಿಯೂತ. 16 ಮಂದಿಗೆ ಕಾರಣ ಗೊತ್ತಾಗಲಿಲ್ಲ ಎಂದು ಬರೆದಿದ್ದಾರೆ. ಬಿಪಿಯದು ಎರಡು ಕಡೆ ಹೊಡೆತ. ಬಿಪಿ ಕಿಡ್ನಿಯನ್ನು ಕೆಡಿಸುತ್ತದೆ, ಕೆಟ್ಟ ಕಿಡ್ನಿ ಬಿಪಿಯನ್ನು ಏರಿಸುತ್ತದೆ. ಹಮಾಲಿ ಮಾಡುವ, ಮೂಟೆ ಎತ್ತುವ ನಲವತ್ತರ ಗಟ್ಟಿ ಆಳು ಒಂದು ದಿನ ದಮ್ಮು ಎಂದು ಆಸ್ಪತ್ರೆಗೆ ಬರುತ್ತಾನೆ. ಬಿಪಿ ನೋಡಿದರೆ ಇನ್ನೂರರ ಮೇಲೆ. "ಯಾವಾಗಾದರೂ ಬಿಪಿ ನೋಡಿಸಿದ್ದೆಯೇನಪ್ಪ?" ಎಂದರೆ "ನನಗೇನಾಗಿತ್ತು ಸಾರ್ ನೋಡಿಸೋಕೆ?" ಎನ್ನುತ್ತಾನೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ನಮ್ಮ ಸೀಮೆಯವರು ತಪ್ಪದೆ ಕೇಳುವ ಪ್ರಶ್ನೆ: "ಇದೆಲ್ಲ ನಮ್ಮ ನೀರಿನಿಂದ ಅಲ್ಲವೇ?" ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಷ್ಟೋ ಊರುಗಳಲ್ಲಿ ಬೋರ್ ನೀರಿನಲ್ಲಿ ಫ್ಲೋರೈಡ್ ಇರುವುದು ನಿಜ. ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆ ಎನ್ನುವುದು ನಮ್ಮ ದೇಶದ ಮಾನದಂಡ. ಹೆಚ್ಚಾದರೆ ಮೊದಲು ಹಲ್ಲು ಕಂದುಗಟ್ಟುತ್ತದೆ, ವರ್ಷಗಳು ಕಳೆದಂತೆ ಮೂಳೆ ಕೀಲು ಹಿಡಿಯುತ್ತವೆ. ಮೈಗೆ ಸೇರಿದ ಫ್ಲೋರೈಡ್ ಹೊರಗೆ ಹೋಗುವುದು ಮುಖ್ಯವಾಗಿ ಕಿಡ್ನಿಯ ಮೂಲಕ. ಆದ್ದರಿಂದ ಕಿಡ್ನಿ ಸೊರಗಿದವರಿಗೆ ಈ ನೀರು ಇನ್ನೂ ಕೆಡುಕು, ಅಂಥವರು ಶುದ್ಧೀಕರಿಸಿದ ನೀರನ್ನೇ ಕುಡಿಯಬೇಕು. ಆದರೆ ಎಲ್ಲವನ್ನೂ ನೀರಿನ ತಲೆಗೆ ಕಟ್ಟಿ ಮನೆಯಲ್ಲಿ ಕೂರುವುದನ್ನು ನಾನು ಒಪ್ಪುವುದಿಲ್ಲ. ನೀರಿಗಾಗಿ ಹೋರಾಡಿ, ಬೇಡ ಎನ್ನುವುದಿಲ್ಲ. ಹೋರಾಟಕ್ಕೆ ಹೋಗುವ ದಾರಿಯಲ್ಲಿ ಬಿಪಿಯನ್ನೂ ತೋರಿಸಿಕೊಂಡು ಹೋಗಿ.

ಕಾರಣ ಗೊತ್ತಾಗದ ಕಿಡ್ನಿ ಕಾಯಿಲೆ ಇಡೀ ಸೀಮೆಗೇ ಅಂಟಿದ ಉದಾಹರಣೆಗಳಿವೆ. ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ತೆಂಗು, ಗೋಡಂಬಿ ಬೆಳೆಯುವ ಹಸಿರು ಸೀಮೆ. ಸಕ್ಕರೆ ಕಾಯಿಲೆ ಇಲ್ಲದ ರೈತರು, ಕೂಲಿಕಾರರು ಅಲ್ಲಿ ಕಿಡ್ನಿ ಕೆಟ್ಟು ಹೋದರು. ನೀರು, ಕೀಟನಾಶಕ, ಬಿಸಿಲು ಎಂದು ಎಷ್ಟೋ ಹುಡುಕಿದರೂ ಒಂದೇ ಕಾರಣ ಇದು ಎಂದು ಇಂದಿಗೂ ತೀರ್ಮಾನವಾಗಿಲ್ಲ. ಅಲ್ಲಿನ ಸರ್ಕಾರ 2023ರ ಡಿಸೆಂಬರಿನಲ್ಲಿ ಪಲಾಸದಲ್ಲಿ 200 ಹಾಸಿಗೆಯ ಆಸ್ಪತ್ರೆ ಮತ್ತು ಕಿಡ್ನಿ ಸಂಶೋಧನಾ ಕೇಂದ್ರ ತೆರೆಯಿತು, ಜಲಾಶಯದ ನೀರನ್ನು ಕೊಳವೆಯಲ್ಲಿ ತಂದಿತು. ಸಮುದ್ರದಾಚೆ ಮಧ್ಯ ಅಮೆರಿಕದ ನಿಕರಾಗುವ, ಎಲ್ ಸಾಲ್ವಡೋರ್ ದೇಶಗಳಲ್ಲಿ ಕಬ್ಬು ಕಡಿಯುವ ಯುವಕರಿಗೆ ಇದೇ ಗತಿ. ಅಲ್ಲಿ ಸುಡುಬಿಸಿಲಿನಲ್ಲಿ ಸಾಕಷ್ಟು ನೀರಿಲ್ಲದೆ ಮೈ ಮುರಿದು ದುಡಿಯುವುದೇ ದೊಡ್ಡ ಕಾರಣ ಎಂಬ ಅಭಿಪ್ರಾಯ ಬಲವಾಗಿದೆ. ಹಾಗಾಗಿ ಕಬ್ಬಿನ ಗದ್ದೆಗಳಲ್ಲಿ ನೀರು, ನೆರಳು, ನಡುನಡುವೆ ವಿಶ್ರಾಂತಿ ಕೊಡುವ ಪದ್ಧತಿ ತಂದರು.

ಇದನ್ನು ಇಲ್ಲಿ ಯಾಕೆ ಹೇಳಿದೆ ಎಂದರೆ, ನಮ್ಮ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ತಾಂಡಾಗಳಿಂದ, ಹಳ್ಳಿಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಈ ಶಾಲೆಯಲ್ಲಿ ನಮ್ಮ ಪಕ್ಕ ಕೂತವರು ಎಷ್ಟೋ ಮಂದಿ ಹಾಗೆ ಹೋದರು. ಬಿಸಿಲಿನಲ್ಲಿ ದುಡಿಯುವವರು ಬಾಯಾರಿಕೆ ಆಗುವವರೆಗೆ ಕಾಯದೆ ಮೇಲಿಂದ ಮೇಲೆ ನೀರು ಕುಡಿಯಬೇಕು, ಮಜ್ಜಿಗೆ ಕುಡಿಯಬೇಕು, ಮೂತ್ರ ಗಾಢ ಹಳದಿಯಾದರೆ ನೆರಳಿಗೆ ಹೋಗಬೇಕು. ಹೆಣ್ಣುಮಕ್ಕಳು ಕೆಲಸದ ಜಾಗದಲ್ಲಿ ಶೌಚಾಲಯ ಇಲ್ಲ ಎಂದು ನೀರೇ ಕುಡಿಯದೆ ಇರುತ್ತಾರೆ. ಅದು ಅವರ ತಪ್ಪಲ್ಲ, ಕೆಲಸ ಕೊಟ್ಟವರು ಯೋಚಿಸಬೇಕಾದ ವಿಷಯ.

ಬಿಸಿಲಿನಲ್ಲಿ ದುಡಿದು ಬಂದವರು ಸಂಜೆ ಏನು ಮಾಡುತ್ತಾರೆ? ಬಸ್‌ಸ್ಟ್ಯಾಂಡಿನ ಮೆಡಿಕಲ್ ಶಾಪಿಗೆ ಹೋಗಿ "ಮೈಕೈ ನೋವಿಗೆ ಎರಡು ಗುಳಿಗೆ ಕೊಡಿ" ಎನ್ನುತ್ತಾರೆ. ಅಂಗಡಿಯವರು ಚೀಟಿ ಕೇಳುವುದಿಲ್ಲ. ಆ ಗುಳಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಔಷಧ. ಇವು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಗಟ್ಟಿ ಆಳು ಎಂದಾದರೊಮ್ಮೆ ಒಂದೆರಡು ದಿನ ತಗೊಂಡರೆ ತೊಂದರೆ ಆಗಲಿಕ್ಕಿಲ್ಲ. ಬೆವರಿ ಒಣಗಿದ ಮೈ, ವಯಸ್ಸು, ಬಿಪಿ, ಶುಗರ್ ಇರುವವರು ತಿಂಗಳುಗಟ್ಟಲೆ ಚಾಕಲೇಟಿನಂತೆ ನುಂಗಿದರೆ ಮಾತ್ರ ಆ ಬೋರ್‌ಗಳು ಸುಡುತ್ತವೆ.

ಹಿರಿಯರು ನೆನಪು ಮಾಡಿಕೊಳ್ಳಿ. ನಾವು ಚಿಕ್ಕವರಿದ್ದಾಗ ಊರ ಹೊರಗೆ ಸತ್ತ ದನ ಹಾಕಿದರೆ ಆಕಾಶದ ತುಂಬ ರಣಹದ್ದು ಸುತ್ತುತ್ತಿದ್ದವು. ಈಗ ಎಲ್ಲಿ ಹೋದವು? ದನಗಳ ನೋವಿಗೆ, ಜ್ವರಕ್ಕೆ ಇದೇ ಡೈಕ್ಲೋಫೆನಾಕ್ ಸೂಜಿ ಹಾಕುತ್ತಿದ್ದರು. ಆ ದನ ಸತ್ತರೆ ಅದರ ಮಾಂಸ ತಿಂದ ರಣಹದ್ದುಗಳ ಕಿಡ್ನಿ ಕೆಲವೇ ದಿನಗಳಲ್ಲಿ ನಿಂತುಹೋಗುತ್ತಿತ್ತು. ಇದು 2004ರಲ್ಲಿ ಸಂಶೋಧನೆಯಿಂದ ಗೊತ್ತಾಯಿತು, 2006ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ಆ ಔಷಧ ನಿಷೇಧವಾಯಿತು. ಅಷ್ಟರಲ್ಲಿ ದೇಶದ ರಣಹದ್ದುಗಳ ಸಂತತಿಯೇ ಹೆಚ್ಚುಕಡಿಮೆ ಮುಗಿದಿತ್ತು. ಮನುಷ್ಯನ ಕಿಡ್ನಿ ಹದ್ದಿನದಷ್ಟು ನಾಜೂಕಲ್ಲ ಎಂಬುದೇನೋ ಸರಿ. ಆದರೂ ದನಕ್ಕೆ ಬೇಡ ಎಂದು ನಿಲ್ಲಿಸಿದ ಔಷಧವನ್ನು ನಾವು ಚೀಟಿ ಇಲ್ಲದೆ ಕೊಳ್ಳುತ್ತಿದ್ದೇವೆ. ಅಳತೆ ಮೀರದಂತೆ ತಗೊಂಡರೆ ಕಿಡ್ನಿಗೆ ಪ್ಯಾರಾಸಿಟಮಾಲ್ ಇದಕ್ಕಿಂತ ವಾಸಿ.

"ಇಂಗ್ಲಿಷ್ ಗುಳಿಗೆ ಹೆಚ್ಚು ತಿಂದರೆ ಕಿಡ್ನಿ ಹೋಗುತ್ತದೆ" ಎಂಬ ಮಾತು ಊರಲ್ಲೆಲ್ಲ ಇದೆ. ದುರದೃಷ್ಟ ಎಂದರೆ ಜನ ಈ ಮಾತನ್ನು ನೋವಿನ ಗುಳಿಗೆಗೆ ಅನ್ವಯಿಸುವುದಿಲ್ಲ, ಬಿಪಿ ಗುಳಿಗೆಗೆ ಅನ್ವಯಿಸುತ್ತಾರೆ! ಬಿಪಿ ಸರಿಹೋಯಿತು ಎಂದು ಗುಳಿಗೆ ಬಿಟ್ಟುಬಿಡುತ್ತಾರೆ. ಬಿಪಿ ಸರಿಯಿರುವುದೇ ಆ ಗುಳಿಗೆಯಿಂದ. ಟೆಲ್ಮಿಸಾರ್ಟನ್, ಎನಾಲಪ್ರಿಲ್ ಗುಂಪಿನ ಗುಳಿಗೆಗಳು ಬಿಪಿ ಇಳಿಸುವುದಷ್ಟೇ ಅಲ್ಲ, ಪ್ರೋಟೀನ್ ಸೋರುವುದನ್ನು ತಗ್ಗಿಸಿ ಕಿಡ್ನಿಯನ್ನು ಕಾಯುತ್ತವೆ. ಈಚೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಗುಳಿಗೆಗಳು ಬಂದಿವೆ. ಶುಗರ್‌ಗೆಂದು ಹುಟ್ಟಿದ ಇವು ಶುಗರ್ ಇಲ್ಲದವರಲ್ಲೂ ಕಿಡ್ನಿ ಸವೆಯುವುದನ್ನು ನಿಧಾನ ಮಾಡುತ್ತವೆ ಎಂದು ಸಿದ್ಧವಾಗಿದೆ. ಎಂಪಾಗ್ಲಿಫ್ಲೋಜಿನ್ ಪೇಟೆಂಟ್ 2025ರ ಮಾರ್ಚಿನಲ್ಲಿ ಮುಗಿದ ಮೇಲೆ ಅದರ ಬೆಲೆ ಬಹಳ ಇಳಿಯಿತು. ಇವನ್ನು ಯಾರಿಗೆ, ಎಷ್ಟು ಎಂದು ವೈದ್ಯರೇ ಹೇಳಬೇಕು. ಕಿಡ್ನಿ ಪೂರ್ತಿ ವಾಸಿ ಮಾಡುತ್ತೇವೆ ಎಂದು ಬೇರು, ಭಸ್ಮ ಕೊಡುವವರ ಬಳಿಗೆ ಹೋಗಬೇಡಿ. ಸರಿಯಾಗಿ ಶುದ್ಧಿ ಮಾಡದ ಭಸ್ಮಗಳಲ್ಲಿ ಪಾದರಸ, ಸೀಸ ಉಳಿದಿರುತ್ತವೆ, ಅವು ನೇರ ಕಿಡ್ನಿಗೇ ವಿಷ.

ಊಟದ ಬಗ್ಗೆ ತಾಯಂದಿರಿಗೆ ಎರಡು ಮಾತು. ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚ ಉಪ್ಪು ಸಾಕು, ಅಂದರೆ 5 ಗ್ರಾಂ. ನಮ್ಮಲ್ಲಿ ಸಾರಿನದೇ ಅಷ್ಟಾಗುತ್ತದೆ. ಅದರ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಗೆ ಮಂಡಕ್ಕಿ ಮೆಣಸಿನಕಾಯಿ. ಮಂಡಕ್ಕಿ ಬಿಡಿ ಎಂದರೆ ಈ ಸಭೆಯೇ ಎದ್ದು ಹೋದೀತು, ಅದಕ್ಕೆ ಉಪ್ಪಿನಕಾಯಿ, ಹಪ್ಪಳವನ್ನಾದರೂ ಬಿಡಿ ಎಂದಷ್ಟೇ ಹೇಳುತ್ತೇನೆ. ಇನ್ನೊಂದು, ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವ ಪದ್ಧತಿ. ಕಿಡ್ನಿ ಬಹಳ ಕೆಟ್ಟವರ ಮನೆಗೆ ದಯವಿಟ್ಟು ಒಯ್ಯಬೇಡಿ. ಅವುಗಳಲ್ಲಿ ಪೊಟ್ಯಾಸಿಯಂ ಹೆಚ್ಚು, ಅದನ್ನು ಹೊರಹಾಕಲು ಅವರಿಗೆ ಕಿಡ್ನಿ ಇಲ್ಲ. ರಕ್ತದಲ್ಲಿ ಏರಿದರೆ ಹೃದಯವೇ ನಿಲ್ಲಬಹುದು. ನೀರಿನ ಲೆಕ್ಕವೂ ಅಷ್ಟೇ. ಗದ್ದೆಯಲ್ಲಿ ದುಡಿಯುವವನು ಹೆಚ್ಚು ಕುಡಿಯಬೇಕು, ಡಯಾಲಿಸಿಸ್‌ನವನು ಅಳೆದು ಕುಡಿಯಬೇಕು. ಇಬ್ಬರಿಗೂ ಒಂದೇ ಸಲಹೆ ಕೊಡುವ ನೆಂಟರು ಪ್ರತಿ ಮನೆಯಲ್ಲೂ ಇರುತ್ತಾರೆ.

ಡಯಾಲಿಸಿಸ್ ಎಂದರೆ ಸಾವಿನ ನೋಟಿಸು ಎಂಬ ಭಯ ನಮ್ಮಲ್ಲಿ ಇನ್ನೂ ಇದೆ. ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬ ವೈದ್ಯರು 1943ರಲ್ಲಿ, ಯುದ್ಧದ ನಡುವೆ, ಈ ಯಂತ್ರವನ್ನು ಮೊದಲು ಕಟ್ಟಿದರು. ನಮ್ಮ ಶಾಲೆ ಶುರುವಾದ ಕಾಲದ ಒಂದು ಸಂಗತಿ ಹಿರಿಯರಿಗೆ ನೆನಪಿರಬಹುದು. 1975ರ ತುರ್ತು ಪರಿಸ್ಥಿತಿಯಲ್ಲಿ ಬಂಧನದಲ್ಲಿದ್ದ ಜಯಪ್ರಕಾಶ ನಾರಾಯಣರ ಕಿಡ್ನಿಗಳು ಕೆಟ್ಟವು. ಬಿಡುಗಡೆಯಾದ ಮೇಲೆ ಅವರನ್ನು ಮುಂಬಯಿಯ ಜಸ್‌ಲೋಕ್ ಆಸ್ಪತ್ರೆಗೆ ಒಯ್ದರು. ಡಯಾಲಿಸಿಸ್ ಮೇಲೆಯೇ ಅವರು 1979ರ ಅಕ್ಟೋಬರ್ ತನಕ ಬದುಕಿದರು. ಆ ನಡುವೆಯೇ 1977ರಲ್ಲಿ ದೇಶದ ಸರ್ಕಾರ ಬದಲಾಗುವುದನ್ನು ಕಂಡರು, ಅದಕ್ಕಾಗಿ ದುಡಿದರು. ಆಗ ಅದು ಮಹಾನಗರಗಳಲ್ಲಿ ಮಾತ್ರ ಸಿಗುವ ಚಿಕಿತ್ಸೆ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂತು. ನಮ್ಮ ರಾಜ್ಯದಲ್ಲಿ ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತ ಘಟಕಗಳಿವೆ.

ಉಚಿತ ಎಂದರೂ ಖರ್ಚಿದೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ವರ್ಷಕ್ಕೆ 156 ಸಲ. ರೋಗಿಯ ಜೊತೆ ಒಬ್ಬರು ಹೋದರೆ ಇಬ್ಬರ ಕೂಲಿ ಸೇರಿ 312 ದಿನದ ದುಡಿಮೆ ಹೋಯಿತು. ಬಸ್ ಚಾರ್ಜು, ಇಂಜೆಕ್ಷನ್ನು ಬೇರೆ. ಅದಕ್ಕೇ ಅರ್ಧಕ್ಕೆ ಬಿಡುವವರಿದ್ದಾರೆ, ಮೂರರ ಬದಲು ಎರಡಕ್ಕೆ ಇಳಿಸುವವರಿದ್ದಾರೆ. ಹಳೆಯ ವಿದ್ಯಾರ್ಥಿ ಸಂಘದವರು ಏನಾದರೂ ಮಾಡಬೇಕು ಎಂದು ನನ್ನನ್ನು ಕೇಳಿದರು. ಕಟ್ಟಡಕ್ಕೆ ಕಮಾನು ಕಟ್ಟಿಸುವುದರ ಜೊತೆಗೆ ಈ ರೋಗಿಗಳ ಪ್ರಯಾಣದ ಖರ್ಚು ನೋಡಿಕೊಳ್ಳಿ ಎಂದೆ. ಕಿಡ್ನಿ ತಜ್ಞರು 'ಫಿಸ್ಟುಲಾ ಮಾಡಿಸಿ' ಎಂದರೆ ಮುಂದೂಡಬೇಡಿ. ಅದು ಕೈಯ ರಕ್ತನಾಳಗಳನ್ನು ಜೋಡಿಸುವ ಚಿಕ್ಕ ಶಸ್ತ್ರಚಿಕಿತ್ಸೆ, ಬಲಿಯಲು ವಾರಗಳೇ ಬೇಕು. ಆ ಕೈಗೆ ಬಿಪಿ ಪಟ್ಟಿ ಕಟ್ಟಬಾರದು, ಸೂಜಿ ಹಾಕಿಸಬಾರದು.

ಕಸಿ ಇದಕ್ಕಿಂತ ಒಳ್ಳೆಯ ದಾರಿ. ಅಮೆರಿಕದ ಬಾಸ್ಟನ್ನಿನಲ್ಲಿ 1954ರಲ್ಲಿ ಅವಳಿ ಸೋದರರ ನಡುವೆ ಮೊದಲು ಯಶಸ್ವಿಯಾಯಿತು, ನಮ್ಮ ದೇಶದಲ್ಲಿ ವೆಲ್ಲೂರಿನಲ್ಲಿ 1971ರಲ್ಲಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಆದರೆ ಕೊಡುವವರು ಯಾರು? ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ತಾಯಿ ಇಲ್ಲವೆ ಹೆಂಡತಿ. ಪಡೆಯುವವರಲ್ಲಿ ಹೆಚ್ಚಿನವರು ಗಂಡಸರು. ಈ ಲೆಕ್ಕವನ್ನು ಗಂಡಸರು ಸ್ವಲ್ಪ ಯೋಚಿಸಿ ನೋಡಿ. ಮೆದುಳು ನಿಷ್ಕ್ರಿಯವಾದವರ ಅಂಗಗಳನ್ನು ಮನೆಯವರು ಒಪ್ಪಿದರೆ ದಾನ ಮಾಡಲು 1994ರ ಕಾನೂನು ಅವಕಾಶ ಕೊಟ್ಟಿದೆ. ಅದನ್ನು ನಮ್ಮಲ್ಲಿ 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆ ನೋಡಿಕೊಳ್ಳುತ್ತದೆ. ನಟ ಸಂಚಾರಿ ವಿಜಯ್ 2021ರ ಜೂನ್‌ನಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ಮನೆಯವರು ಕಿಡ್ನಿಗಳನ್ನೂ ದಾನ ಮಾಡಿದರು. ಅಂಥ ದುಃಖದ ಹೊತ್ತಿನಲ್ಲಿ ಹೌದು ಎನ್ನಬೇಕಾದರೆ ಮನೆಯಲ್ಲಿ ಮೊದಲೇ ಮಾತಾಗಿರಬೇಕು.

ಸಮಯ ಮೀರಿದೆ, ಗುರುಗಳು ಗಡಿಯಾರ ನೋಡುತ್ತಿದ್ದಾರೆ. ಅವರ ಆ ನೋಟಕ್ಕೆ ಇವತ್ತಿಗೂ ಹೆದರಿಕೆಯೇ. ಎಂಟನೆಯ ತರಗತಿಯ ಕೋಣೆಯಲ್ಲಿ ನರ್ಸ್‌ಗಳು, ಆಶಾ ಕಾರ್ಯಕರ್ತೆಯರು ಕೂತಿದ್ದಾರೆ. ಬಿಪಿ ನೋಡುತ್ತಾರೆ, ಬೆರಳಿಗೆ ಚುಚ್ಚಿ ಶುಗರ್ ನೋಡುತ್ತಾರೆ, ಮೂತ್ರದ ಪಟ್ಟಿ ಪರೀಕ್ಷೆಯೂ ಇದೆ. ಮೂವತ್ತು ದಾಟಿದವರೆಲ್ಲ ಬನ್ನಿ. ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಾಯಿಲೆ ಇದ್ದವರು, ಬಿಪಿ ಶುಗರ್ ಇದ್ದವರು, ನೋವಿನ ಗುಳಿಗೆ ರೂಢಿ ಇದ್ದವರು ಮೊದಲು ಬನ್ನಿ. ಗುಳಿಗೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಪಟ್ಟಿಯನ್ನೇ ತನ್ನಿ. ನಾನೂ ಊಟದ ಹೊತ್ತಿನವರೆಗೆ ಅಲ್ಲೇ ಇರುತ್ತೇನೆ.